ಸ್ಪಷ್ಟನೆ: ಹೆಲಿಕೆ ಇರುವುದು ಸಮುದ್ರದ ತಳದಲ್ಲಿ ಅಲ್ಲ

"ಗ್ರೀಸ್‌ನ ಹೆಲಿಕೆ ಒಂದೇ ರಾತ್ರಿಯಲ್ಲಿ ಮುಳುಗಿತು, ಇಂದಿಗೂ ಕೊರಿಂತ್ ಕೊಲ್ಲಿಯ ತಳದಲ್ಲಿದೆ, ಅದೇ ಅಟ್ಲಾಂಟಿಸ್" ಎಂಬ ಸಂದೇಶ ಹರಿದಾಡುತ್ತಿದೆ. ಹೆಲಿಕೆ ಗ್ರೀಸ್‌ನ ಪ್ರಾಚೀನ ನಗರ; ಅಟ್ಲಾಂಟಿಸ್ ಗ್ರೀಕ್ ತತ್ವಜ್ಞಾನಿ ಪ್ಲೇಟೊ ಹೇಳಿದ, ಸಮುದ್ರದಲ್ಲಿ ಮುಳುಗಿದ ದ್ವೀಪ. ಸಂದೇಶದಲ್ಲಿ ಮೊದಲ ಮಾತು ಮಾತ್ರ ಸರಿ.

ಕ್ರಿ.ಪೂ. 373ರ ಚಳಿಗಾಲದ ಒಂದು ರಾತ್ರಿ ಭೂಕಂಪ, ಹಿಂದೆಯೇ ದೊಡ್ಡ ಅಲೆ. ಸಮುದ್ರದೇವ ಪೊಸೈಡನ್‌ನ ದೇವಸ್ಥಾನಕ್ಕೆ ಹೆಸರಾಗಿದ್ದ ಊರು ಅಳಿಸಿಹೋಯಿತು. ಹೆಣ ತೆಗೆಯಲು 2000 ಜನರನ್ನು ಕಳಿಸಿದರೂ ಆಗಲಿಲ್ಲ ಎಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಓದಿದರೆ ಈಗಲೂ ಕರುಳು ಚುರ್ ಅನ್ನುತ್ತದೆ.

ಆದರೆ ಜಾಗ ಬೇರೆ. ಕೊಲ್ಲಿಯ ತಳವನ್ನು ಸೋನಾರ್‌ನಿಂದ (ಶಬ್ದದ ಅಲೆ ಬಿಟ್ಟು ನೀರಿನಡಿ ಹುಡುಕುವ ಸಾಧನ) ಜಾಲಾಡಿದಾಗ ನಗರ ಸಿಗಲಿಲ್ಲ. ಪುರಾತತ್ವಜ್ಞೆ ಡೋರಾ ಕಟ್ಸೊನೊಪುಲು, ವಿಜ್ಞಾನಿ ಸ್ಟೀವನ್ ಸೋಟರ್ ಅವರ ತಂಡ ದಡದ ಬಯಲಿನಲ್ಲಿ ಹುಡುಕಿತು. 2001ರಲ್ಲಿ ರಿಜೊಮಿಲೊಸ್ ಹಳ್ಳಿಯ ಹತ್ತಿರ ನೆಲದಡಿ ಹಾಳುಬಿದ್ದ ಕಟ್ಟಡಗಳು ಸಿಕ್ಕವು. ಅವುಗಳ ಮೇಲೆ ಹಳೇ ಹಿನ್ನೀರಿನ (ಕಡಲ ದಡದ ಆಳವಿಲ್ಲದ ಸರೋವರ, ಲಗೂನ್) ಕೆಸರು. ಅಂದರೆ ಊರು ಮುಳುಗಿದ್ದು ದಡದ ಒಳಗಿನ ಹಿನ್ನೀರಿನಲ್ಲಿ. ನದಿಗಳು ತಂದ ಮಣ್ಣು ಆಮೇಲೆ ಅದನ್ನೂ ಮುಚ್ಚಿತು.

ಅಟ್ಲಾಂಟಿಸ್ ವಿಷಯ? ಹೆಲಿಕೆ ಹಾಳಾದಾಗ ಪ್ಲೇಟೊ ಬದುಕಿದ್ದ, ಸುದ್ದಿ ಅವನಿಗೆ ತಟ್ಟಿರಬಹುದು. ಆದರೆ ಅವನು ಹೇಳುವುದು ಜಿಬ್ರಾಲ್ಟರ್ ಜಲಸಂಧಿಯ ಆಚೆಯ ಭಾರೀ ದ್ವೀಪದ ಕತೆ. ನಿಜವಾಗಿ ಬಾಳಿ ಸತ್ತ ಜನರ ಊರನ್ನು ಸುಮ್ನೆ ಅದಕ್ಕೆ ಅಂಟಿಸಬೇಡಿ.