ಸ್ವಲ್ಪ ಸರಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ರೈಲು ಹತ್ತುವವರಿಗೆ ನಾಲ್ಕನೇ ಸೀಟು ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಬೆಂಚು ಮೂವರದ್ದು. ಆದರೆ ನಾಲ್ಕನೆಯವನು ಬಂದು "ಥೋಡಾ ಸರ್ಕೋ" ಎಂದರೆ ಮೂವರೂ ಒತ್ತಿಕೊಂಡು ಅಂಚಿನಲ್ಲಿ ಗೇಣಗಲ ಜಾಗ ಬಿಡುತ್ತಾರೆ. ಅವನು ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ ಕೂತು ಮುಂಬೈಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿ ತನಕ ಹೋಗುತ್ತಾನೆ. ಹೀಗೆ ಮಾಡಿ ಎಂದು ಯಾವ ಬೋರ್ಡಿನಲ್ಲೂ ಬರೆದದ್ದು ನಾನು ನೋಡಿಲ್ಲ.

ಹೋದ ತಿಂಗಳು ಒಬ್ಬ ಹುಡುಗ ಸರಿಯಲಿಲ್ಲ. ಕಿವಿಯಿಂದ ಇಯರ್‌ಫೋನ್ ತೆಗೆದು, "ಅಂಕಲ್, ಯೇ ತೀನ್ ಕಾ ಸೀಟ್ ಹೈ" ಎಂದ. ಎಣಿಸಿದೆ. ಮೂವರೇ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೂ ಮೈ ಉರಿಯಿತು. ನಿಜ ಹೇಳಿದವನ ಮೇಲೆ ಯಾಕೆ ಇಷ್ಟು ಸಿಟ್ಟು?

ಸಂಜೆ ಅಕ್ಕನ ಮಗಳ ಹತ್ತಿರ ಹೇಳಿಕೊಂಡೆ. ಅವಳು ಕಾಲೇಜಿನಲ್ಲಿ ತತ್ವಶಾಸ್ತ್ರ ಓದುತ್ತಾಳೆ. ಅದನ್ನು ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಮನೆಯವರೆಲ್ಲ ಸರದಿಯಲ್ಲಿ ಕೇಳಿಯಾಗಿದೆ. "ಮಾಮ, ಇದು 1740ರಷ್ಟು ಹಳೇ ಜಗಳ" ಎಂದಳು. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಆಗಲೇ ಇದನ್ನು ಹಿಡಿದಿದ್ದನಂತೆ. ಜನ 'ಹೀಗಿದೆ' ಎಂದು ಶುರುಮಾಡುತ್ತಾರೆ, ಸದ್ದಿಲ್ಲದೆ 'ಹೀಗಿರಬೇಕು'ಗೆ ಜಿಗಿಯುತ್ತಾರೆ, ಜಿಗಿದದ್ದು ಹೇಗೆಂದು ಹೇಳುವುದಿಲ್ಲ. ಬೆಂಚು ಮೂವರದ್ದು ಎಂಬುದರಿಂದ 'ಸರಿಯಬೇಕಾಗಿಲ್ಲ' ಹುಟ್ಟುವುದಿಲ್ಲ. ನನ್ನ ಮಂಡಿ ನೋಯುತ್ತಿದೆ ಎಂಬುದರಿಂದ 'ಸರಿಯಬೇಕು' ಕೂಡ ಹುಟ್ಟುವುದಿಲ್ಲ. ಈ ಎರಡನೇ ಭಾಗ ನನಗೆ ಅಷ್ಟು ಹಿಡಿಸಲಿಲ್ಲ.

1936ರಲ್ಲಿ ಎ. ಜೆ. ಆಯರ್ ಎಂಬ ಇಂಗ್ಲಿಷ್ ತರುಣ ಇನ್ನೂ ಮುಂದೆ ಹೋದ. 'ತಪ್ಪು' ಎನ್ನುವುದು ಸಂಗತಿಯೇ ಅಲ್ಲ, ಬರೀ ಭಾವನೆ ಹೊರಹಾಕುವುದು ಎಂದ. ನಮ್ಮ ಲೆಕ್ಕದಲ್ಲಿ ಒಂದು 'ಛೀ', ಒಂದು 'ಭೇಷ್', ಅಷ್ಟೇ. ನಮ್ಮ ಅಜ್ಜಿ ಇಡೀ ನೀತಿಶಾಸ್ತ್ರವನ್ನು ಒಂದು 'ಛೀ'ಯಲ್ಲಿ ಮುಗಿಸುತ್ತಿದ್ದಳು, ನಿಜ. ಆದರೆ ಯಾಕೆ ಛೀ ಎಂದು ಕೇಳಿದರೆ ಅರ್ಧ ಗಂಟೆ ಕಾರಣ ಕೊಡುತ್ತಿದ್ದಳು. ಸುಮ್ನೆ ಬಂದ ಭಾವನೆಗೆ ಅಷ್ಟು ಕಾರಣ ಯಾಕೆ, ಅಲ್ವಾ?

ಇವರೆಲ್ಲ ಕನ್ನಡ ಕಲಿತಿದ್ದರೆ ಗೊಂದಲ ಇನ್ನೂ ಜಾಸ್ತಿಯಾಗುತ್ತಿತ್ತು. ಕಾಫಿ ಬೇಕು, ನಿಜ ಹೇಳಬೇಕು: ಆಸೆಗೂ ಕರ್ತವ್ಯಕ್ಕೂ ಒಂದೇ 'ಬೇಕು'. ಅದಕ್ಕಿಂತ ಚಂದ 'ಸರಿ'. ನ್ಯಾಯವಾದದ್ದೂ ಸರಿ, ಆಚೆ ಜರುಗು ಎನ್ನುವುದೂ ಸರಿ. ಅವು ಬೇರೆ ಬೇರೆ ಪದ ಎಂದು ಪಂಡಿತರು ಗದರಬಹುದು. ಗದರಲಿ. ಡೊಂಬಿವಲಿ ಲೋಕಲ್‌ನಲ್ಲಿ ಎರಡೂ ಒಂದೇ.

ಅಕ್ಕನ ಮಗಳಿಗೆ ಇಷ್ಟವಾದವನು ಆರ್. ಎಂ. ಹೇರ್ ಎಂಬ ಇಂಗ್ಲಿಷ್ ತತ್ವಜ್ಞಾನಿ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕು, ಬರ್ಮಾ ರೈಲುಹಳಿಯಲ್ಲಿ ಸೆರೆಯಾಳಾಗಿ ದುಡಿದು, ಬದುಕಿ ಬಂದವನು. 'ಬೇಕು' ಎಂಬ ಮಾತು ಲೋಕ ಹೇಗಿದೆ ಎಂದು ವರ್ಣಿಸುವುದಕ್ಕಲ್ಲ, 'ನಾನೀಗ ಏನು ಮಾಡಲಿ' ಎಂಬುದಕ್ಕೆ ಉತ್ತರ ಕೊಡುವುದಕ್ಕೆ ಎಂದು 1952ರಲ್ಲಿ ಬರೆದ. ಇನ್ನೊಂದು ಮಾತನ್ನೂ ಹೇಳಿದ. ಬೇರೆಯವನಿಗೆ 'ನೀನು ಸರಿಯಬೇಕು' ಎಂದವನು, ಅವನ ಜಾಗದಲ್ಲಿ ತಾನಿದ್ದರೂ ಸರಿಯಬೇಕು ಎಂದು ಒಪ್ಪಿಕೊಂಡ ಹಾಗೆ. ರೈಲಿನ ಕಷ್ಟ ಗೊತ್ತಿದ್ದವನ ಮಾತು ಎಂದು ನನಗೆ ಬಹಳ ಸಮಾಧಾನವಾಯಿತು. ಆ ಹುಡುಗ ಸಿಕ್ಕರೆ ಹೇಳಬೇಕು ಅಂದುಕೊಂಡೆ.

ಮರುದಿನ ನಾಲ್ಕನೇ ಸೀಟು ಸಿಕ್ಕಿತು. ಠಾಣೆಯಲ್ಲಿ ಒಬ್ಬರು ಇಳಿದು ನಾನು ಮೂರನೆಯವನಾದೆ. ಬೆನ್ನು ಪೂರ್ತಿ ಒರಗಿತು. ಕನ್ನಡ ಪೇಪರು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದೆ. ಘಾಟ್ಕೋಪರಿನಲ್ಲಿ ತಲೆಯ ಮೇಲಿಂದ "ಥೋಡಾ ಸರ್ಕೋ" ಕೇಳಿತು. ನಿದ್ದೆಯನ್ನು ಇನ್ನಷ್ಟು ಗಾಢ ಮಾಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಪೇಪರಿನ ಮೇಲೆ ಬೆರಳಿನಿಂದ ತಟ್ಟಿದರು.

"ಸ್ವಲ್ಪ ಸರೀರಿ ಮಾರಾಯ್ರೆ. ನಿದ್ದೆ ಬಂದವರು ಪೇಪರನ್ನು ಇಷ್ಟು ಗಟ್ಟಿ ಹಿಡಿಯುವುದಿಲ್ಲ."