ನೀರು ಕುಡಿದ ಮಗುವನ್ನು ತಲೆಕೆಳಗೆ ಮಾಡಬೇಡಿ: ಒಂದು ಸ್ಪಷ್ಟನೆ

‘ಪ್ರವಾಸದಲ್ಲಿ ಮಗು ನೀರಿಗೆ ಬಿದ್ದರೆ ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸಿ, ಹೊಟ್ಟೆ ಒತ್ತಿ, ನೀರೆಲ್ಲ ಹೊರಬರುತ್ತದೆ’ ಎಂಬ ಮೆಸೇಜ್ ಗಂಗಾವತಿ ಕಡೆಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು.

ಮುಳುಗಿದ ಮಗುವಿಗೆ ಮೊದಲು ಬೇಕಿರುವುದು ಉಸಿರು. ಹೊಟ್ಟೆ ಒತ್ತಿದರೆ ಒಳಗಿನ ಅನ್ನ, ನೀರು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ತಿರುಗಿಸುತ್ತಾ ನಿಂತರೆ ಜೀವ ಉಳಿಸುವ ನಿಮಿಷಗಳು ಸುಮ್ನೆ ಕಳೆದುಹೋಗುತ್ತವೆ. ಮುಳುಗಿದವರಿಗೆ ಹೊಟ್ಟೆ ಒತ್ತಬಾರದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಮಾರ್ಗಸೂಚಿಯೂ ಹೇಳುತ್ತದೆ.

ಸರಿಯಾದದ್ದು ಇದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು ಕೂಡಲೇ 108ಕ್ಕೆ ಫೋನ್ ಮಾಡಲಿ. ಮಗು ಉಸಿರಾಡದಿದ್ದರೆ ತಲೆ ತುಸು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 2 ಸಲ ಊದಿ. ಪುಟ್ಟ ಎದೆ ಮೇಲೇಳುವುದು ಕಣ್ಣಿಗೆ ಕಾಣಬೇಕು. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ, ಬೇಗಬೇಗ ಒತ್ತಿ. ಮತ್ತೆ 2 ಉಸಿರು. ಆಂಬುಲೆನ್ಸ್ ಬರುವವರೆಗೂ ಬಿಡಬೇಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ.

ಅಂಜನಾದ್ರಿ ಬೆಟ್ಟ ಇಳಿದ ಮಕ್ಕಳು ಆನೆಗೊಂದಿಯ ಹೊಳೆ, ಸಾಣಾಪುರದ ಕೆರೆ ಕಂಡರೆ ಓಡಿಬಿಡ್ತಾರೆ ಅಲ್ವಾ? ದಡದ ಬಂಡೆಗಳ ಮೇಲೆ ಪಾಚಿ, ಕಾಲಿಟ್ಟರೆ ಜಾರುತ್ತದೆ. ಲೈಫ್ ಜಾಕೆಟ್ ಹಾಕದೆ ತೆಪ್ಪಕ್ಕೆ ಹತ್ತಿಸಬೇಡಿ.

ಹಳೆಯ ಮೆಸೇಜನ್ನು ಯಾರಿಗೂ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಹಾಕಿ, ನೀವು ಯಾರಿಗೆ ಕಳಿಸಿದ್ದೀರೋ ಅವರಿಗೆ ಇದನ್ನು ಕಳಿಸಿ.