ಕುದುರೆ ಬಿಲ್ಲುಗಾರರನ್ನ ಅಟ್ಟಿಸ್ಕೊಂಡು ಹೋಗ್ಬೇಡಿ

ಮಧ್ಯಯುಗದ ಯುದ್ಧದ ಕಂಪ್ಯೂಟರ್ ಗೇಮ್ ಮೆಡೀವಲ್ 2 ಟೋಟಲ್ ವಾರ್ ಆಡೋರ ಹತ್ರ ಮಂಗೋಲರ ಮಾತೆತ್ತಿದ್ರೆ ಸಾಕು, "ಗುರು ಅದು ಚೀಟಿಂಗು, ಅವ್ರು ಬಂದ್ರೆ ಕ್ಯಾಂಪೇನ್ ಮುಗೀತು" ಅಂತಾರೆ. ಕೆಲವರಂತೂ ಮಾಡ್ (ಗೇಮನ್ನ ಬದಲಾಯಿಸೋ ಫೈಲು) ಹಾಕಿ ಅವರನ್ನೇ ತೆಗೆದುಹಾಕ್ತಾರೆ. ನನಗಿದು ಸ್ವಲ್ಪನೂ ಒಪ್ಪಿಗೆ ಇಲ್ಲ.

1080ರಲ್ಲಿ ಶುರುವಾಗೋ ಆಟ, 13ನೇ ಶತಮಾನ ಬರೋ ಹೊತ್ತಿಗೆ ಮ್ಯಾಪಿನ ಪೂರ್ವದ ಅಂಚಲ್ಲಿ ಮಂಗೋಲರ ಭರ್ತಿ ಸೈನ್ಯಗಳು ಸಾಲಾಗಿ ಬಂದು ನಿಲ್ತಾವೆ, ಅವರಿಗೆ ಕಾಪಾಡ್ಕೊಳ್ಳೋಕೆ ಒಂದು ಊರೂ ಇಲ್ಲ, ಎಲ್ಲಾ ನಮ್ಮ ಕಡೆಗೇ. ಭಯ ಆಗುತ್ತೆ, ಸರಿ. ಆದ್ರೆ ಆಮೇಲೆ ಜನ ಏನ್ ಮಾಡ್ತಾರೆ ನೋಡಿ: ಬಯಲಲ್ಲಿ ನಿಂತು, ದುಡ್ಡು ಸುರಿದು ಕಟ್ಟಿದ ನೈಟ್ಸ್‌ನೆಲ್ಲ ಮಂಗೋಲರ ಕುದುರೆ ಬಿಲ್ಲುಗಾರರ ಮೇಲೆ ಬಿಡ್ತಾರೆ, ಅವ್ರು ಸ್ಕರ್ಮಿಶ್ ಮೋಡಲ್ಲಿ (ಶತ್ರು ಹತ್ರ ಬಂದ್ರೆ ದೂರ ಸರಿಯೋ ಸೆಟ್ಟಿಂಗ್) ಹಿಂದೆ ಹಿಂದೆ ಹೋಗ್ತಾ ಬಾಣ ಬಿಡ್ತಾರೆ, ಭಾರದ ಕವಚ ಹೊತ್ತ ಕುದುರೆ ಸುಸ್ತಾಗುತ್ತೆ, ಅಷ್ಟರಲ್ಲಿ ಪಕ್ಕದಿಂದ ಅವರ ಈಟಿ ಸವಾರರು ನುಗ್ಗಿ ಕಥೆ ಮುಗಿಸ್ತಾರೆ.

ಇದು ಗೇಮಿನವರು ಕಟ್ಟಿದ ಕಥೆ ಅಲ್ಲ. ಕ್ರಿ.ಪೂ. 53ರಲ್ಲಿ ಕಾರ್ಹೆ ಯುದ್ಧದಲ್ಲಿ ರೋಮಿನ ಸೇನಾಪತಿ ಕ್ರಾಸಸ್‌ನ ಮಗ ಪೂಬ್ಲಿಯಸ್ ಇದನ್ನೇ ಮಾಡಿದ್ದು, ಹಿಂದೆ ಸರೀತಿದ್ದ ಪಾರ್ಥಿಯನ್ನರನ್ನ (ಆಗಿನ ಇರಾನ್ ಸಾಮ್ರಾಜ್ಯದವರು) ಅಟ್ಟಿಸ್ಕೊಂಡು ಮುಖ್ಯ ಸೈನ್ಯದಿಂದ ದೂರ ಹೋದ, ವಾಪಸ್ ಬಂದಿದ್ದು ಅವನ ತಲೆ ಮಾತ್ರ. ಬಾಣ ಖಾಲಿಯಾಗ್ಲಿ ಅಂತ ರೋಮನ್ನರು ಕಾದ್ರು, ಆದ್ರೆ ಪಾರ್ಥಿಯನ್ ಸೇನಾಪತಿ ಸುರೇನಾ ಒಂಟೆಗಳ ಮೇಲೆ ಹೊರೆಗಟ್ಟಲೆ ಬಾಣ ತರಿಸಿಟ್ಟಿದ್ದ. ಗೇಮಲ್ಲಿ ನಮ್ಮ ಪುಣ್ಯಕ್ಕೆ ಆ ಒಂಟೆ ಇಲ್ಲ, ಬಾಣ ಖಾಲಿಯಾಗೇ ಆಗುತ್ತೆ. ಅದಕ್ಕೇ ಕಾಯೋನೇ ಗೆಲ್ಲೋದು.

ಕಾಯೋಕೆ ಒಳ್ಳೆ ಜಾಗ ಅಂದ್ರೆ ಸೇತುವೆ. ನಮ್ಮ ಕಡೆ ದಡದಲ್ಲಿ ಈಟಿಯವರನ್ನ ಅರ್ಧಚಂದ್ರದ ಥರ ನಿಲ್ಸಿ, ಹಿಂದೆ ಪವೀಸ್ ಕ್ರಾಸ್‌ಬೋ (ದೊಡ್ಡ ಗುರಾಣಿ ಹೊತ್ತ ಅಡ್ಡಬಿಲ್ಲಿನ ಕಾಲಾಳುಗಳು) ಇಡಿ. ಸೇತುವೆ ಮೇಲೆ ಕುದುರೆಗಳು ಒಂದಕ್ಕೊಂದು ಒತ್ಕೊಂಡು ಬರ್ತಾವೆ, ಸುತ್ತೋಕೆ ಜಾಗ ಇಲ್ಲ, ಹಿಂದೆ ಸರಿಯೋಕೂ ಇಲ್ಲ, ಪ್ರತಿ ಬಾಣಕ್ಕೂ ಒಬ್ಬೊಬ್ಬ ಬೀಳ್ತಾನೆ. ಬಿಲ್ಲುಗಾರರಿಗೆ ಬಿಲ್ಲುಗಾರರೇ ಉತ್ತರ, ಅದೂ ಕಾಲಾಳು ಬಿಲ್ಲುಗಾರರು, ಒಂದು ಯೂನಿಟ್ಟಲ್ಲಿ ಜನಾನೂ ಜಾಸ್ತಿ.

ಆದ್ರೆ ಇಲ್ಲೇ ನನಗೆ ಗೇಮ್ ಮೇಲೆ ನಿಜವಾದ ತಕರಾರಿರೋದು. 1241ರಲ್ಲಿ ಮೋಹಿಯಲ್ಲಿ ಹಂಗೇರಿಯವರೂ ಸೇತುವೆ ಹಿಡ್ಕೊಂಡೇ ನಿಂತಿದ್ರು. ಮಂಗೋಲ್ ನಾಯಕ ಬಾತು ಖಾನ್ ಕಲ್ಲೆಸೆಯೋ ಯಂತ್ರ ತರಿಸಿ ಸೇತುವೆ ಕಾಯ್ತಿದ್ದೋರನ್ನ ಓಡಿಸ್ದ, ಅತ್ತ ಅವನ ಸೇನಾಪತಿ ಸುಬುತಾಯಿ ಬೇರೆ ಕಡೆ ನದಿ ದಾಟಿ ಬಂದು ಅವರ ಗಾಡಿಗಳ ಬಿಡಾರನ್ನೇ ಸುತ್ತುವರಿದ, ಒಂದು ಕಡೆ ಬೇಕಂತ್ಲೇ ದಾರಿ ಬಿಟ್ಟ, ಅಲ್ಲಿಂದ ಓಡೋರನ್ನ ದಾರಿಯುದ್ದಕ್ಕೂ ಕಡಿದ್ರು. ಗೇಮಲ್ಲಿ ಶತ್ರು ಸೈನ್ಯ ನಡೆಸೋ ಎಐ ಈ ಥರ ಯೋಚನೆನೇ ಮಾಡಲ್ಲ, ಇರೋ ಒಂದೇ ಸೇತುವೆಗೆ ತಲೆ ಕೊಟ್ಟು ನುಗ್ಗುತ್ತೆ. ಮಂಗೋಲರಿಗೆ ಸಿಗಬೇಕಾದ ಬುದ್ಧಿ ಕೊಡದೆ ಬರೀ ಸೈನ್ಯದ ಸಂಖ್ಯೆ ಕೊಟ್ಟಿದ್ದಾರೆ, ಅದನ್ನೂ ಜನ ಚೀಟಿಂಗ್ ಅಂತಾರಲ್ಲ!

ತಪ್ಪಿಸ್ಕೊಂಡ ಹಂಗೇರಿ ರಾಜ ನಾಲ್ಕನೇ ಬೇಲಾ ಆಮೇಲೆ ಬಯಲಲ್ಲಿ ಗೆಲ್ಲೋ ಆಸೆ ಮೇಲೆ ಕೂರಲಿಲ್ಲ, ಕಲ್ಲಿನ ಕೋಟೆ ಕಟ್ಟಿಸೋಕೆ ಶುರು ಮಾಡ್ದ, 1285ರಲ್ಲಿ ಮತ್ತೆ ಬಂದ ಮಂಗೋಲ್ ಸೈನ್ಯ ಸೋತು ವಾಪಸ್ ಹೋಯ್ತು. 1260ರಲ್ಲಿ ಐನ್ ಜಾಲೂತ್‌ನಲ್ಲಿ ಈಜಿಪ್ಟ್ ಆಳ್ತಿದ್ದ ಮಮ್ಲೂಕರು ಇನ್ನೊಂದು ದಾರಿ ಹಿಡಿದ್ರು, ಅವರೂ ಕುದುರೆ ಮೇಲೇ ಪಳಗಿದೋರು, ಓಡೋ ನಾಟಕ ಆಡಿ ಮಂಗೋಲರನ್ನೇ ಬಲೆಗೆ ಎಳ್ಕೊಂಡ್ರು. ಈಜಿಪ್ಟ್ ತಗೊಂಡು ಆಡೋರು ಈ ಎರಡನೇದನ್ನ ಒಂದ್ಸಲ ಮಾಡಿ ನೋಡಿ, ಪವೀಸ್ ಹಿಂದೆ ಕೂತು ಗೆಲ್ಲೋದಕ್ಕಿಂತ ಕಷ್ಟ, ಆದ್ರೆ ನನ್ನ ಪ್ರಕಾರ ಆ ಗೇಮಲ್ಲಿ ಅದಕ್ಕಿಂತ ಚೆಂದದ ಯುದ್ಧ ಇನ್ನೊಂದಿಲ್ಲ.